ಅಕ್ಕಿ ಡ್ರಮ್ಮಿನೊಳಗಿನ ಮಾತ್ರೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಳವಳ್ಳಿ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆ. ಮಗನಿಗೆ 24 ವರ್ಷ, ಐಟಿಐ ಮುಗಿಸಿದ್ದಾನೆ. ಒಬ್ಬನೇ ಗೊಣಗುತ್ತಿದ್ದ, ಸ್ನಾನ ಬಿಟ್ಟಿದ್ದ, ಊಟಕ್ಕೆ ವಿಷ ಬೆರೆಸಿದ್ದಾರೆಂದು ತಟ್ಟೆ ತಳ್ಳುತ್ತಿದ್ದ. ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಿ, ಮಾದಪ್ಪನಿಗೆ ಹರಕೆ ಹೊತ್ತು, ಆರು ತಿಂಗಳು ಕಳೆದ ಮೇಲೆ ಮನೋವೈದ್ಯರ ಬಳಿ ಕರೆದೊಯ್ದರು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನಸ್ಸಿನ ಕಾಯಿಲೆ) ಎಂದು ಗೊತ್ತಾಗಿ, ರಾತ್ರಿಗೊಂದು ಒಲಾಂಜಪಿನ್ ಮಾತ್ರೆ ಶುರುವಾಯಿತು. ಮೂರು ತಿಂಗಳಲ್ಲಿ ಹುಡುಗ ತೋಟಕ್ಕೆ ಹೋಗುವಷ್ಟು ಸುಧಾರಿಸಿದ. ಆಮೇಲೆ ಮತ್ತೆ ಹದಗೆಟ್ಟ. ತಾಯಿ ಮತ್ತು ಹುಡುಗನ ಭಾವ ಸಲಹೆಗೆ ಬಂದದ್ದು ಆಗ.

ಹದಗೆಟ್ಟದ್ದು ಮಾತ್ರೆ ತಪ್ಪಿದ್ದರಿಂದ, ಮಾತ್ರೆ ತಪ್ಪಿದ್ದು ಕಾಯಿಲೆಯನ್ನು ಮುಚ್ಚಿಟ್ಟಿದ್ದರಿಂದ. ನೆಂಟರ ಕಣ್ಣಿಗೆ ಬೀಳಬಾರದೆಂದು ಮಾತ್ರೆಯ ಸ್ಟ್ರಿಪ್ಪನ್ನು ಅಕ್ಕಿ ಡ್ರಮ್ಮಿನೊಳಗೆ ಹೂತಿಡುತ್ತಿದ್ದರು. ಮನೆಯಲ್ಲಿ ಜನ ಇದ್ದ ರಾತ್ರಿ ಡ್ರಮ್ಮು ತೆಗೆಯುವಂತಿಲ್ಲ. ಹೆಣ್ಣು ನೋಡುವ ಮಾತು ಶುರುವಾದ ಮೇಲಂತೂ "ಹುಷಾರಾಗವ್ನಲ್ಲ, ಇನ್ಯಾಕೆ ಮಾತ್ರೆ" ಎಂದು ನಿಲ್ಲಿಸಿಯೇಬಿಟ್ಟರು. ಅವನು ಮತ್ತೆ ಗೊಣಗತೊಡಗಿದಾಗ ತಾಯಿ ಗಾಬರಿಯಿಂದ ಮಾತ್ರೆ ಪುಡಿಮಾಡಿ ಸಾರಿಗೆ ಹಾಕಿದರು. ರುಚಿ ಬದಲಾದದ್ದು ಅವನಿಗೆ ತಿಳಿಯಿತು. ವಿಷದ ಅನುಮಾನ ಇದ್ದವನಿಗೆ ಅದೇ ಸಾಕ್ಷಿಯಾಯಿತು. ಎರಡು ದಿನ ಮನೆಯ ಅನ್ನ ಮುಟ್ಟಲಿಲ್ಲ.

ಮೊದಲ ಸಲಹೆ ಇದೇ: ಊಟದಲ್ಲಿ ಕದ್ದು ಬೆರೆಸಬೇಡಿ. ಊಟವಾದ ಮೇಲೆ ಅವನ ಎದುರಿಗೇ ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಕೈಗೆ ಕೊಡಿ, ಬೇಡವೆಂದರೆ ಜಗಳಕ್ಕಿಳಿಯದೆ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ಒಂದು ರಾತ್ರಿ ತಪ್ಪಿದರೆ ಮರುದಿನ ಎರಡು ಕೊಡಬಾರದು. ಪೂರ್ತಿ ಹುಷಾರಾದ ಮೇಲೂ ಕನಿಷ್ಠ ಒಂದು ವರ್ಷ ಮಾತ್ರೆ ಮುಂದುವರಿಯಬೇಕು, ನಿಲ್ಲಿಸುವ ತೀರ್ಮಾನ ವೈದ್ಯರದು. ಈ ಮಾತ್ರೆಗೆ ಹಸಿವು ಹೆಚ್ಚಿ ಮೈ ಬರುತ್ತದೆ. ಹುಡುಗರು ತಾವಾಗಿ ಮಾತ್ರೆ ಬಿಡಲು ಇದೂ ದೊಡ್ಡ ಕಾರಣ. ಅದಕ್ಕೇ ತಿಂಗಳಿಗೊಮ್ಮೆ ತೂಕ, ಮೂರು ತಿಂಗಳಾದಾಗ ಖಾಲಿ ಹೊಟ್ಟೆಯ ಶುಗರ್ ನೋಡಿಸಲು ಹೇಳಲಾಯಿತು. ತೂಕ ಏರಿದರೆ ವೈದ್ಯರು ಬೇರೆ ಮಾತ್ರೆಗೆ ಬದಲಿಸಬಲ್ಲರು.

ಕಿವಿಯಲ್ಲಿ ದನಿ ಕೇಳುತ್ತದೆ ಎಂದಾಗ "ಯಾರೂ ಇಲ್ಲ, ಸುಮ್ಕಿರು" ಎಂದು ಗದರಿದರೆ ಅವನು ಹೇಳುವುದನ್ನೇ ಬಿಡುತ್ತಾನೆ. ಹೌದೆಂದು ತಲೆಯಾಡಿಸಿದರೂ ತಪ್ಪು. ತಾಯಿಗೆ ಹೇಳಿಕೊಟ್ಟ ಮಾತು: "ನಂಗೆ ಕೇಳಿಸ್ತಿಲ್ಲ ಕಣಪ್ಪ, ಆದ್ರೆ ನಿಂಗೆ ಭಯ ಆಯ್ತದೆ ಅಂತ ಗೊತ್ತಾಯ್ತದೆ. ಬಾ, ಇಲ್ಲಿ ಕೂತ್ಕೊ."

ಕೆಲಸದ ವಿಷಯದಲ್ಲಿ ರೇಷ್ಮೆ ಹುಳು ಸಾಕುವ ಮನೆಯ ಲೆಕ್ಕ ಮುಖ್ಯವಾಯಿತು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ ರಾತ್ರಿಯೂ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ನಿದ್ದೆ ಕೆಟ್ಟರೆ ಈ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಆದ್ದರಿಂದ ರಾತ್ರಿ ಸರದಿ ಅವನಿಗೆ ಬೇಡ. ಬೆಳಿಗ್ಗೆ ಒಂದು ಗಂಟೆ ಸೊಪ್ಪು ಕೊಯ್ಯಲಿ, ಅದು ಸಲೀಸಾದ ಮೇಲೆ ಹಣ್ಣು ಹುಳುವನ್ನು (ಗೂಡು ಕಟ್ಟಲು ಸಿದ್ಧವಾದ ಹುಳು) ಗೂಡು ಕಟ್ಟುವ ಚಂದ್ರಿಕೆ ತಟ್ಟಿಗೆ ಬಿಡುವ ಕೆಲಸಕ್ಕೂ ಸೇರಿಸಿಕೊಳ್ಳಲಿ.

ಭಾವನ ಪ್ರಶ್ನೆ ಮದುವೆಯದು. ಮದುವೆಯಾದರೆ ಸರಿಹೋಗುತ್ತದೆ ಎಂಬ ನಂಬಿಕೆ ಎಷ್ಟು ಹೆಣ್ಣುಮಕ್ಕಳ ಬಾಳನ್ನು ಹಾಳುಮಾಡಿದೆ! ಸದ್ಯಕ್ಕೆ ಆ ಮಾತು ನಿಲ್ಲಿಸಿ, ಕನಿಷ್ಠ ಒಂದು ವರ್ಷ ಅವನು ಗಟ್ಟಿಯಾಗಿರಲಿ ಎಂದು ನೇರವಾಗಿ ಹೇಳಲಾಯಿತು. ಆಮೇಲೂ ಹುಡುಗಿಗೆ ಮೊದಲೇ ತಿಳಿಸಬೇಕು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದ ಮದುವೆಯನ್ನು ರದ್ದುಪಡಿಸಲು ಅವಕಾಶವಿದೆ. "ಗೊತ್ತಾದ್ರೆ ಹೆಣ್ ಯಾರ್ ಕೊಟ್ಟಾರು ಸಾ?" ಎಂದರು ತಾಯಿ. ಅವರ ಸಂಕಟ ಸುಳ್ಳಲ್ಲ. ಆದರೆ ಮದುವೆಯ ಗಡಿಬಿಡಿಯಲ್ಲಿ ನಿದ್ದೆಗೆಟ್ಟು, ಹೆಂಡತಿಗೆ ಹೆದರಿ ಮಾತ್ರೆ ಬಚ್ಚಿಡುವವನು ಮತ್ತೆ ಹದಗೆಟ್ಟು ಆಸ್ಪತ್ರೆಯನ್ನೇ ಸೇರಬೇಕಾದೀತು.

ಊರಿಗೆಲ್ಲ ಸಾರುವುದು ಬೇಡ. ಮೂವರಿಗೆ ತಿಳಿದರೆ ಸಾಕು, ಅದೂ ಹುಡುಗ ಒಪ್ಪಿದ ಮೇಲೆ: ಆಶಾ ಕಾರ್ಯಕರ್ತೆ, ಪಕ್ಕದ ಮನೆಯ ದೊಡ್ಡಪ್ಪ, ಅವನ ಒಬ್ಬ ಗೆಳೆಯ. ಗೆಳೆಯನ ಹೆಸರನ್ನು ಅವನೇ ಹೇಳಿದ. "ಇವ್ನಿಗೆ ಮನಸಿನ ಕಾಯಿಲೆ, ಮಾತ್ರೆ ತಗತಾವ್ನೆ, ಹುಷಾರಾಯ್ತಾವ್ನೆ" ಎಂಬಷ್ಟೇ ಅವರಿಗೆ ಹೇಳಬೇಕಾದ ಮಾತು. ಬೀದಿಯಲ್ಲಿ ಹುಡುಗರು "ಹುಚ್ಚ" ಎಂದು ರೇಗಿಸಿದರೆ ತಡೆಯುವುದು ದೊಡ್ಡಪ್ಪನ ಹೊಣೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗಳಿಗೆಂದೇ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗೆ ತಾಯಿಯ ಜೊತೆ ಹೋಗುವುದು ಗೆಳೆಯನ ಹೊಣೆ. ಕಳೆದ ಸಲ ರೇಗಿದಾಗ ಅವನನ್ನು ಕಂಬಕ್ಕೆ ಕಟ್ಟಿದ್ದರು. ಮಾನಸಿಕ ಕಾಯಿಲೆಯವರನ್ನು ಸರಪಳಿಯಿಂದ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಹಗ್ಗವೂ ಬೇಡ. ಗುಂಪು ಚದುರಿಸಿ, ಮಚ್ಚು, ಕುಡುಗೋಲು, ಗಿಡಕ್ಕೆ ಹೊಡೆಯುವ ಔಷಧಿ ಡಬ್ಬ ಕೈಗೆ ಸಿಗದಂತೆ ಎತ್ತಿಟ್ಟು, 108ಕ್ಕೆ ಫೋನು ಮಾಡಬೇಕು.

ಈಗ ಮಾತ್ರೆಯ ಸ್ಟ್ರಿಪ್ಪು ನಡುಮನೆಯ ಗೂಡಿನಲ್ಲಿದೆ, ಪಕ್ಕದಲ್ಲೇ ಕ್ಯಾಲೆಂಡರ್. ಮಾತ್ರೆ ನುಂಗಿದ ದಿನಕ್ಕೆ ಅವನೇ ಗೀಟು ಹಾಕುತ್ತಾನೆ, ನಿದ್ದೆ ಎಷ್ಟು ಗಂಟೆ ಎಂದು ತಂಗಿ ಬರೆಯುತ್ತಾಳೆ. ಸತತ ಎರಡು ರಾತ್ರಿ ನಿದ್ದೆ ನಾಲ್ಕು ಗಂಟೆಗಿಂತ ಕಡಿಮೆಯಾದರೆ ಅಥವಾ ಮತ್ತೆ ತಟ್ಟೆ ತಳ್ಳಿದರೆ ಮಂಗಳವಾರದವರೆಗೆ ಕಾಯದೆ ಅವತ್ತೇ ವೈದ್ಯರಿಗೆ ತಿಳಿಸಬೇಕು. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.