ಸ್ಪೀಕರ್ ಬದಲಿಸುವ ಮೊದಲು ಕೋಣೆ ನೋಡಿ

ಬದಿಯಡ್ಕದ ಹೊಸ ಮನೆಯಲ್ಲಿ ತಾಳಮದ್ದಳೆ ಹಾಕಿದರೆ ಚೆಂಡೆಯ ಪೆಟ್ಟು ಒಂದರ ಮೇಲೊಂದು ಬಿದ್ದು ಮಾತು ತಿಳಿಯುವುದಿಲ್ಲ, ಸ್ಪೀಕರ್ ಬದಲಿಸಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ತಾರಸಿ, ಗಾಜಿನ ಕಿಟಕಿ. ನೀವು ಬರೆದದ್ದರಲ್ಲಿ ಶಬ್ದ ಹೀರುವ ವಸ್ತು ಒಂದೂ ಇಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟರ್‌ರ್’ ಎಂದು ಬಾಲ ಎಳೆದರೆ ಅದು ಎದುರುಬದುರಿನ ಬರಿಗೋಡೆಗಳ ಕೆಲಸ.

ನಮ್ಮಲ್ಲೂ ಹೀಗೇ ಇತ್ತು. ಸ್ಪೀಕರಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಸಿದೆ. ಸೋಫಾದ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಸರಿಸಿ, ಪುಸ್ತಕಗಳನ್ನು ಸಾಲಾಗಿ ಜೋಡಿಸದೆ ಹಿಂದೆಮುಂದೆ ಇಟ್ಟೆ. ಶಬ್ದ ಚದುರುವುದು ಹಾಗೆ. ಆ ಸಂಜೆ ಪದ್ಯ ಎತ್ತುವ ಮೊದಲು ಭಾಗವತರು ಉಸಿರೆಳೆದದ್ದು ಮೊದಲ ಸಲ ಕೇಳಿಸಿತು!

ತೆಳು ಪರದೆಯನ್ನು ನಂಬಬೇಡಿ, ಅದು ತಾರಸ್ವರವನ್ನಷ್ಟೇ ತುಸು ತಗ್ಗಿಸುತ್ತದೆ. ತಗ್ಗಿನ ಸ್ವರದ್ದು ಬೇರೆಯೇ ಸಮಸ್ಯೆ: 4 ಮೀಟರ್ ಉದ್ದದ ಕೋಣೆ ಸುಮಾರು 43 ಹರ್ಟ್ಸ್‌ನಲ್ಲಿ ತಾನೇ ಗುಂಯ್ಗುಡುತ್ತದೆ, ಮೂಲೆಗೆ ಒತ್ತಿಟ್ಟ ಸ್ಪೀಕರ್ ಅದನ್ನು ಇನ್ನೂ ಉಬ್ಬಿಸುತ್ತದೆ. ಒಂದೆರಡು ಮೊಳ ಮುಂದೆ ತಂದು ಕೇಳಿ ನೋಡಿ.

ಮಳೆಗಾಲದಲ್ಲಿ ಜಮಖಾನಕ್ಕೆ ಬೂಷ್ಟು ಹಿಡಿಯುತ್ತದೆ, ಬಿಸಿಲು ಕಂಡ ದಿನ ಅಂಗಳದಲ್ಲಿ ಒಣಗಿಸಿ.