‘ವಿಕಟಕವಿ’ಯನ್ನು ಪೈಥಾನ್ ಯಾಕೆ ಒಪ್ಪಲಿಲ್ಲ? – ಓದುಗರ ಪ್ರಶ್ನೋತ್ತರ

ಕೆಲಸಕ್ಕಲ್ಲ, ಖುಷಿಗೆ ಕೋಡ್ ಬರೆಯುವವರು ತಾವು ಕಲಿತ ಪ್ರೋಗ್ರಾಮಿಂಗ್ ಭಾಷೆಗಳನ್ನು ಹೋಲಿಸಿ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವುದು ಒಳ್ಳೆಯದು’ ಅಂತಲೇ ಶುರುವಾಗುತ್ತವೆ. ಸ್ವಲ್ಪ ಮುಂದೆ ಓದಿದರೆ, ಒಂದು ಭಾಷೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಸಣ್ಣ ಪ್ರೋಗ್ರಾಂ ಇನ್ನೊಂದರಲ್ಲಿ ಕೈಕೊಟ್ಟ ಕಥೆ ಸಿಗುತ್ತದೆ. ನನಗೆ ಇಷ್ಟವಾಗಿದ್ದು ಆ ಕಥೆಗಳೇ. ಈ ಸಲ ಅಂಥವನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎರಡು ವರ್ಷದಿಂದ ಪೈಥಾನ್ ಬರೆಯುತ್ತಿದ್ದೇನೆ. ಫೋಟೋಗಳ ಹೆಸರು ಬದಲಿಸುವುದು, ಖರ್ಚಿನ ಲೆಕ್ಕ, ಇಂಥವು. ‘ಸಿ ಕಲಿಯದವನು ಪ್ರೋಗ್ರಾಮರ್ರೇ ಅಲ್ಲ’ ಅಂತ ನನ್ನ ಗೆಳೆಯ ಸಿಕ್ಕಾಗಲೆಲ್ಲ ಹೇಳುತ್ತಾನೆ. ನಿಜವಾ?

ಉತ್ತರ: ನಿಜ ಅಲ್ಲ. ನಿಮ್ಮ ಲೆಕ್ಕ ಸರಿಯಾಗಿ ಬರುತ್ತಿದ್ದರೆ ನೀವು ಪ್ರೋಗ್ರಾಮರ್ರೇ. ಆದರೂ ಒಂದು ತಿಂಗಳು ಸಿ ಜೊತೆ ಕಳೆಯಿರಿ ಅಂತ ನಾನೂ ಹೇಳುತ್ತೇನೆ. ನನ್ನ ಕಾರಣ ಬೇರೆ. ಪೈಥಾನ್‌ನಲ್ಲಿ ಲಿಸ್ಟ್‌ಗೆ ಒಂದು ಹೆಸರು ಸೇರಿಸುತ್ತೀರಿ, ಅದು ಎಲ್ಲಿ ಹೋಗಿ ಕೂತಿತು ಅಂತ ಯೋಚಿಸುವುದೇ ಇಲ್ಲ, ಅಲ್ವಾ? ಸಿ-ಯಲ್ಲಿ ಆ ಜಾಗವನ್ನು ನೀವೇ ಅಳೆದು ಕೊಡಬೇಕು.

ನಾನು ಓದಿದ ಪುಸ್ತಕಗಳ ಪಟ್ಟಿ ಇಡೋಕೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಇತ್ತು. ಅದನ್ನೇ ಸಿ-ಯಲ್ಲಿ ಬರೆದೆ. ಹೆಸರಿಗೆ 20 ಬೈಟ್ (ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು) ಜಾಗ ಕೊಟ್ಟೆ, ಅದರ ಪಕ್ಕದಲ್ಲೇ ಪುಟಗಳ ಸಂಖ್ಯೆ. ಇಂಗ್ಲಿಷ್ ಹೆಸರುಗಳು ಸರಿಯಾಗಿ ಕೂತವು. ಒಂದು ದಿನ ಒಂದು ಪುಸ್ತಕದ ಹೆಸರನ್ನು ತಿದ್ದಿ ಕನ್ನಡದಲ್ಲಿ ಹಾಕಿದೆ. ತಕ್ಷಣ ಆ ಪುಸ್ತಕದ ಪುಟಗಳ ಸಂಖ್ಯೆ ಮೈನಸ್ ಕೋಟಿಗಳಲ್ಲಿ ಬಂತು! ಪುಟಕ್ಕೆ ಸಂಬಂಧಿಸಿದ ಕೋಡನ್ನು ನಾನು ಮುಟ್ಟೇ ಇರಲಿಲ್ಲ. ಇಡೀ ಸಂಜೆ ಹುಡುಕಿದ ಮೇಲೆ ಗೊತ್ತಾಯಿತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ 20 ಬೈಟ್‌ನಲ್ಲಿ ಹಿಡಿಯುವುದು 6 ಚಿಹ್ನೆ ಮಾತ್ರ. ಉಳಿದಿದ್ದು ಪಕ್ಕದ ಮನೆಗೆ ನುಗ್ಗಿ ಪುಟಸಂಖ್ಯೆಯ ಮೇಲೆ ಕೂತುಬಿಟ್ಟಿತ್ತು. ಸಿ ಒಂದು ಮಾತೂ ಆಡಲಿಲ್ಲ.

1970ರ ದಶಕದ ಶುರುವಿನಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಕಟ್ಟಿದ್ದು ಯೂನಿಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಬರೆಯೋಕೆ. ಅಲ್ಲಿ ಬೈಟ್ ಬೈಟ್‌ಗೂ ಲೆಕ್ಕ. ಅದಕ್ಕೇ ಅದು ಪ್ರತಿ ಸಲ ಜಾಗ ಸಾಕಾ ಅಂತ ನೋಡಲು ಹೋಗುವುದಿಲ್ಲ. ನಾವು ಹೆಚ್ಚಾಗಿ ಬಳಸುವ ಪೈಥಾನ್ ಕೂಡ ಸಿ-ಯಲ್ಲೇ ಬರೆದದ್ದು. ಅಂದರೆ ನಿಮ್ಮ ಲಿಸ್ಟ್‌ನ ಹಿಂದೆ ಯಾರೋ ಕೂತು ಈ ಜಾಗದ ಲೆಕ್ಕವನ್ನೆಲ್ಲ ಮಾಡಿಟ್ಟಿದ್ದಾರೆ. ಸಿ ಕಲಿತರೆ ಆ ದುಡಿಮೆ ಕಣ್ಣಿಗೆ ಕಾಣುತ್ತದೆ. ಆಮೇಲೆ ನೆಮ್ಮದಿಯಾಗಿ ಪೈಥಾನ್‌ಗೆ ವಾಪಸ್ ಬನ್ನಿ.

ಪ್ರಶ್ನೆ: ಹಿಂದಿನಿಂದ ಓದಿದರೂ ಒಂದೇ ಆಗುವ ಪದಗಳನ್ನು ಗುರುತಿಸುವ ಪ್ರೋಗ್ರಾಂ ಬರೆದೆ. ಪದವನ್ನು ತಿರುಗಿಸಿ ಮೂಲದ ಜೊತೆ ಹೋಲಿಸುವುದು, ಅಷ್ಟೇ. ‘ಕನಕ’ ಕೊಟ್ಟರೆ ಹೌದು ಅನ್ನುತ್ತದೆ. ‘ವಿಕಟಕವಿ’ ಕೊಟ್ಟರೆ ಅಲ್ಲ ಅನ್ನುತ್ತದೆ! ಪೈಥಾನ್ ತಪ್ಪು ಇರಬಹುದು ಅಂತ ಜಾವಾಸ್ಕ್ರಿಪ್ಟ್‌ನಲ್ಲೂ ಬರೆದೆ. ಅಲ್ಲೂ ಅದೇ ಉತ್ತರ. ತಪ್ಪು ನಂದಾ, ಭಾಷೆಯದಾ?

ಉತ್ತರ: ಈ ಪತ್ರ ಓದಿ ನಾನು ಎದ್ದು ಹೋಗಿ ಕಂಪ್ಯೂಟರ್ ಆನ್ ಮಾಡಿದೆ. ಅಷ್ಟು ಒಳ್ಳೆಯ ಪ್ರಶ್ನೆ ಇದು.

‘ವಿಕಟಕವಿ’ಯಲ್ಲಿ ಎಷ್ಟು ಅಕ್ಷರ? ವಿ, ಕ, ಟ, ಕ, ವಿ. ಐದು ಅಂತ ನೀವೂ ನಾನೂ ಹೇಳುತ್ತೇವೆ. ಪೈಥಾನ್ ಕೇಳಿ, 7 ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಕೂಡ 7. ಯಾಕೆಂದರೆ ಎಲ್ಲ ಲಿಪಿಗಳ ಚಿಹ್ನೆಗಳಿಗೂ ನಂಬರ್ ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಿಟ್ಟದ್ದು 128 ಸ್ಥಾನ. ಇಡೀ ಕಾಗುಣಿತ ಅದರಲ್ಲಿ ಹಿಡಿಯುವುದಿಲ್ಲ. ಅದಕ್ಕೆ ‘ವ’ ಬೇರೆ, ಗುಡಿಸು ಬೇರೆ ಅಂತ ಇಟ್ಟಿದ್ದಾರೆ. ಎರಡೂ ಅಕ್ಕಪಕ್ಕ ಬಂದಾಗ ಪರದೆ ಮೇಲೆ ‘ವಿ’ ಅಂತ ಒಂದಾಗಿ ಕಾಣುತ್ತದೆ. ನೀವು ಪದವನ್ನು ತಿರುಗಿಸಿದಾಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಒಂಟಿಯಾಗಿ ನಿಲ್ಲುತ್ತದೆ. ಮೊದಲಿದ್ದ ಗುಡಿಸು ‘ವ’ವನ್ನು ಬಿಟ್ಟು ಪಕ್ಕದ ‘ಕ’ಕ್ಕೆ ಹೋಗಿ ಅಂಟಿಕೊಂಡು ‘ಕಿ’ ಮಾಡುತ್ತದೆ. ‘ಕನಕ’ದಲ್ಲಿ ಇಂಥ ಚಿಹ್ನೆ ಒಂದೂ ಇಲ್ಲ, ಹಾಗಾಗಿ ಪಾರಾಯಿತು. ‘ಪುಸ್ತಕ’ ಅಂತ ಕೊಟ್ಟು ತಿರುಗಿಸಿ ನೋಡಿ. ‘ಕತ್ಸುಪ’ ಅಂತ ಬರುತ್ತದೆ. ಒತ್ತು ಕೂಡ ತಲೆಕೆಳಗಾಗಿದೆ.

ಇದೇ ಪದವನ್ನು ನಾಲ್ಕಾರು ಭಾಷೆಗಳಿಗೆ ಕೊಟ್ಟು ಉದ್ದ ಎಷ್ಟು ಅಂತ ಕೇಳಿದೆ. ಸಿ 21 ಅಂದಿತು. ಗೋ 21. ರಸ್ಟ್ ಕೂಡ 21, ಆದರೆ ಚಿಹ್ನೆಗಳನ್ನು ಎಣಿಸು ಅಂತ ಬೇರೆಯಾಗಿ ಹೇಳಿದರೆ 7. ಸ್ವಿಫ್ಟ್ ಮಾತ್ರ ನಮ್ಮ ಹಾಗೆ 5 ಅಂತ ಹೇಳಿತು, ತಿರುಗಿಸಿದರೂ ‘ವಿಕಟಕವಿ’ ಅಂತಲೇ ಕೊಟ್ಟಿತು. ನನಗೆ ನಿಜಕ್ಕೂ ಖುಷಿಯಾಯಿತು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಬೈಟ್ ಎಣಿಸುತ್ತಾರೆ, ಒಬ್ಬರು ಚಿಹ್ನೆ ಎಣಿಸುತ್ತಾರೆ, ಒಬ್ಬರು ಓದುವವರ ಕಣ್ಣಿಗೆ ಕಾಣುವುದನ್ನು ಎಣಿಸುತ್ತಾರೆ. ಫೈಲ್ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ 21 ಬೇಕು. ಪದಬಂಧದ ಮನೆಗಳಿಗೆ 5 ಬೇಕು. ಭಾಷೆ ಮಾಡಿದವರು ‘ಉದ್ದ’ ಅನ್ನುವ ಮಾತಿಗೆ ಯಾವ ಅರ್ಥ ಇಟ್ಟುಕೊಂಡರು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಭಾಷೆಗಳನ್ನು ಹೋಲಿಸುವುದು ಅಂದರೆ ನನ್ನ ಲೆಕ್ಕದಲ್ಲಿ ಇದೇ. ಒಂದೇ ಸಣ್ಣ ಪ್ರೋಗ್ರಾಂ, ಎರಡು ಭಾಷೆ, ಎರಡು ಉತ್ತರ.

ಈಗ ನಿಮ್ಮ ಪ್ರೋಗ್ರಾಂ ಸರಿ ಮಾಡೋಣ. ಸ್ಟ್ರಿಂಗನ್ನು, ಅಂದರೆ ಪದದ ಚಿಹ್ನೆಗಳ ಸಾಲನ್ನು, ನೇರವಾಗಿ ತಿರುಗಿಸಬೇಡಿ. ಮೊದಲು ಅಕ್ಷರಗಳ ಒಂದು ಲಿಸ್ಟ್ ಮಾಡಿ. ಪದದ ಒಂದೊಂದು ಚಿಹ್ನೆಯನ್ನೂ ನೋಡುತ್ತಾ ಹೋಗಿ. ಅದು ಗುಡಿಸು, ಕೊಂಬು, ಸೊನ್ನೆ ಇಂಥದ್ದಾದರೆ ಹಿಂದಿನ ಅಕ್ಷರಕ್ಕೇ ಸೇರಿಸಿ. ಅರ್ಧಾಕ್ಷರದ ಚಿಹ್ನೆ ಬಂದರೆ ಅದನ್ನೂ, ಅದರ ಮುಂದಿನ ವ್ಯಂಜನವನ್ನೂ ಹಿಂದಿನದಕ್ಕೇ ಸೇರಿಸಿ. ಇಲ್ಲದಿದ್ದರೆ ಹೊಸ ಅಕ್ಷರ ಶುರು ಮಾಡಿ. ಕೊನೆಗೆ ಆ ಲಿಸ್ಟನ್ನು ತಿರುಗಿಸಿ. ಹದಿನೈದು ಸಾಲಿನ ಕೆಲಸ. ಜಾವಾಸ್ಕ್ರಿಪ್ಟ್‌ನಲ್ಲಿ ಅಕ್ಷರ ಬಿಡಿಸೋಕೆ ಇಂಟ್ಲ್ ಸೆಗ್ಮೆಂಟರ್ ಅಂತ ಒಂದು ಸಿದ್ಧ ಸೌಲಭ್ಯ ಇದೆ, ಒತ್ತಕ್ಷರ ಇರುವ ಪದಗಳನ್ನು ಅದಕ್ಕೆ ಕೊಟ್ಟು ಪರೀಕ್ಷಿಸಿದ ಮೇಲೆ ನಂಬಿ. ಮುಗಿದ ಮೇಲೆ ‘ಕುಬೇರನಿಗೇನಿರಬೇಕು’ ಅಂತ ಕೊಟ್ಟು ನೋಡಿ. ಒಂಬತ್ತು ಅಕ್ಷರ ಬರಬೇಕು, ಉತ್ತರ ಹೌದು ಅಂತ ಬರಬೇಕು.

ಪ್ರಶ್ನೆ: ಜಾವಾಸ್ಕ್ರಿಪ್ಟ್‌ನಲ್ಲಿ 1, 9, 10 ಇವನ್ನು ಸಾರ್ಟ್ ಮಾಡಿದರೆ (ಕ್ರಮವಾಗಿ ಜೋಡಿಸಿದರೆ) 1, 10, 9 ಅಂತ ಬರುತ್ತದೆ. ‘5’ ಅನ್ನುವ ಸ್ಟ್ರಿಂಗ್‌ಗೆ 1 ಕೂಡಿಸಿದರೆ 51, ಕಳೆದರೆ 4. ಪೈಥಾನ್‌ನಿಂದ ಬಂದ ನನಗೆ ತಲೆ ಕೆಟ್ಟಿದೆ.

ಉತ್ತರ: ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ಗೋಸ್ಕರ ಈ ಭಾಷೆಯ ಮೊದಲ ರೂಪ ಮಾಡಿದ್ದು 10 ದಿನದಲ್ಲಿ. ಆಗ ತೆಗೆದುಕೊಂಡ ತೀರ್ಮಾನಗಳನ್ನು ಈಗ ಬದಲಿಸಿದರೆ ಹಳೆಯ ವೆಬ್ ಪುಟಗಳು ಒಡೆದುಹೋಗುತ್ತವೆ. ಹಾಗಾಗಿ ಉಳಿದುಕೊಂಡಿವೆ. ಬೇರೆ ಏನೂ ಹೇಳದಿದ್ದರೆ ಅದು ಎಲ್ಲವನ್ನೂ ಸ್ಟ್ರಿಂಗ್ ಅಂತ ನೋಡಿ ಸಾರ್ಟ್ ಮಾಡುತ್ತದೆ, ನಿಘಂಟಿನ ಹಾಗೆ. ಹೋಲಿಸುವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಒಂದನ್ನು ನೀವೇ ಕೊಟ್ಟರೆ ಸರಿಹೋಗುತ್ತದೆ. ಕೂಡುವ ಚಿಹ್ನೆಗೆ ಸ್ಟ್ರಿಂಗ್ ಜೋಡಿಸುವ ಕೆಲಸವೂ ಇದೆ, ಕಳೆಯುವ ಚಿಹ್ನೆಗೆ ಆ ಕೆಲಸ ಇಲ್ಲ. ಅದಕ್ಕೇ 51 ಮತ್ತು 4.

ಸ್ಟ್ರಿಂಗ್‌ಗೆ ಸಂಖ್ಯೆ ಕೂಡಿಸಲು, ಕಳೆಯಲು ಹೋದರೆ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ. ನನಗೆ ನಿಲ್ಲುವ ಭಾಷೆಯೇ ಇಷ್ಟ. ತಪ್ಪು ಉತ್ತರ ಹಿಡಿದುಕೊಂಡು ಮೂರು ದಿನ ಓಡಾಡುವುದಕ್ಕಿಂತ ಅಲ್ಲೇ ನಿಂತುಬಿಡುವುದು ವಾಸಿ. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಆಟ ಬರೆದು ಗೆಳತಿಗೆ ಲಿಂಕ್ ಕಳಿಸಿದರೆ ಅವಳು ಏನೂ ಇನ್‌ಸ್ಟಾಲ್ ಮಾಡದೆ ಆಡಬಹುದು. ಹವ್ಯಾಸಕ್ಕೆ ಬರೆಯುವವರಿಗೆ ಇದು ಸಣ್ಣ ಮಾತಲ್ಲ. ನಾವು ಬರೆದದ್ದನ್ನು ಇನ್ನೊಬ್ಬರು ಬಳಸುವುದನ್ನು ನೋಡಬೇಕು ಅಂತ ತಾನೇ ಬರೆಯುವುದು?

ಪ್ರಶ್ನೆ: ‘ನಿನ್ನೆ ಯಾವ ವಾರ’ ಅಂತ ಹೇಳುವ ಕೋಡ್ ಪೈಥಾನ್‌ನಲ್ಲಿ ಸರಿ ಇತ್ತು. ಭಾನುವಾರ 0, ಶನಿವಾರ 6. ಇವತ್ತಿನ ಸಂಖ್ಯೆಯಿಂದ 1 ಕಳೆದು 7ರಿಂದ ಭಾಗಿಸಿ ಶೇಷ ತೆಗೆಯುತ್ತೇನೆ. ಜಾವಾಸ್ಕ್ರಿಪ್ಟ್‌ಗೆ ಹಾಗೇ ಇಳಿಸಿದೆ. ಆರು ದಿನ ಸರಿ, ಭಾನುವಾರ ಮಾತ್ರ ‘ಅನ್‌ಡಿಫೈನ್ಡ್’.

ಉತ್ತರ: ಭಾನುವಾರ ನಿಮ್ಮ ಲೆಕ್ಕ -1ಕ್ಕೆ ಬರುತ್ತದೆ. -1ನ್ನು 7ರಿಂದ ಭಾಗಿಸಿದರೆ ಶೇಷ ಎಷ್ಟು? ಪೈಥಾನ್, ರೂಬಿ, ಲುವಾ 6 ಅನ್ನುತ್ತವೆ. ಸಿ, ಜಾವಾ, ಜಾವಾಸ್ಕ್ರಿಪ್ಟ್, ರಸ್ಟ್ ಇವೆಲ್ಲ -1 ಅನ್ನುತ್ತವೆ. ನಿಮ್ಮ ವಾರಗಳ ಪಟ್ಟಿಯಲ್ಲಿ -1ನೇ ವಾರ ಇಲ್ಲ, ಅದಕ್ಕೇ ‘ಇಂಥದ್ದು ಇಲ್ಲ’ ಅನ್ನುವ ಆ ಉತ್ತರ. ಮೊದಲ ಗುಂಪು ಭಾಗಲಬ್ಧವನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ, ಎರಡನೆಯದು ಸೊನ್ನೆಯ ಕಡೆಗೆ ತರುತ್ತದೆ. 1 ಕಳೆಯುವ ಬದಲು 6 ಕೂಡಿಸಿ, ಆಮೇಲೆ ಶೇಷ ತೆಗೆಯಿರಿ. ಎಲ್ಲ ಕಡೆಯೂ ಸರಿ ಬರುತ್ತದೆ. ಲುವಾಗೆ ಹೋದರೆ ಇನ್ನೊಂದು ನೆನಪಿಡಿ. 1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಆ ಪುಟ್ಟ ಭಾಷೆಯಲ್ಲಿ ಲಿಸ್ಟ್‌ನ ಎಣಿಕೆ 1ರಿಂದ ಶುರು.

ಪ್ರಶ್ನೆ: ನಾಲ್ಕು ವಾರದಿಂದ ರಸ್ಟ್ ಜೊತೆ ಗುದ್ದಾಡುತ್ತಿದ್ದೇನೆ. ಕಂಪೈಲರ್ (ಕೋಡನ್ನು ಪರಿಶೀಲಿಸಿ ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ) ಯಾವುದಕ್ಕೂ ಒಪ್ಪುವುದಿಲ್ಲ. ಬಿಟ್ಟುಬಿಡಲಾ?

ಉತ್ತರ: ಖುಷಿ ಹೋಗಿದ್ದರೆ ಬಿಡಿ. ಇದು ಹವ್ಯಾಸ, ಯಾರಿಗೂ ಉತ್ತರ ಕೊಡಬೇಕಿಲ್ಲ. ಬಿಡುವ ಮುಂಚೆ ಒಂದು ಮಾತು. ಮೇಲೆ ನನ್ನ ಪುಟಸಂಖ್ಯೆಯ ಕಥೆ ಹೇಳಿದೆನಲ್ಲ, ಮೆಮೊರಿಯ ಅಂಥ ತಪ್ಪುಗಳನ್ನು ಪ್ರೋಗ್ರಾಂ ಸದ್ದಿಲ್ಲದೆ ನುಂಗಿಕೊಂಡು ಓಡಬಾರದು ಅಂತಲೇ ರಸ್ಟ್ ಇರುವುದು. ಗ್ರೇಡನ್ ಹೋರ್ ತಮ್ಮ ಸ್ವಂತ ಪ್ರಾಜೆಕ್ಟ್ ಆಗಿ ಶುರು ಮಾಡಿದ ಭಾಷೆ, 1.0 ಬಂದದ್ದು 2015ರಲ್ಲಿ. ಒಂದು ವಸ್ತುವಿಗೆ ಒಬ್ಬನೇ ಒಡೆಯ ಅನ್ನುವುದು ಅದರ ನಿಯಮ. ಒಂದು ಸ್ಟ್ರಿಂಗನ್ನು ಫಂಕ್ಷನ್‌ಗೆ ಕೊಟ್ಟರೆ ಕೊಟ್ಟ ಹಾಗೇ, ಅದು ಇನ್ನು ನಿಮ್ಮದಲ್ಲ. ಸುಮ್ನೆ ನೋಡೋಕೆ ಕೊಡುವುದಾದರೆ ಎರವಲು ಅಂತ ಬರೆದೇ ಕೊಡಬೇಕು.

ನಿಮ್ಮ ಪತ್ರದ ಜೊತೆ ಕಳಿಸಿದ ಎರರ್ ಇ0382. ಕೊಟ್ಟ ವಸ್ತುವನ್ನು ಮತ್ತೆ ಬಳಸಲು ಹೋಗಿದ್ದೀರಿ. ಆ ನಂಬರ್ ಹಾಕಿ ವಿವರಿಸು ಅಂದರೆ ಕಂಪೈಲರ್ರೇ ಉದಾಹರಣೆ ಸಮೇತ ಪಾಠ ಹೇಳುತ್ತದೆ. ಕೆಂಪು ಅಕ್ಷರ ಕಂಡ ಕೂಡಲೇ ಕೋಡ್ ತಿದ್ದಲು ಹೋಗಬೇಡಿ, ಆ ಮೆಸೇಜನ್ನು ಕೊನೆಯ ಸಾಲಿನವರೆಗೂ ಓದಿ. ಎಷ್ಟೋ ಸಲ ಏನು ಬರೆಯಬೇಕು ಅಂತ ಅಲ್ಲೇ ಇರುತ್ತದೆ. ಇನ್ನೆರಡು ವಾರ ಹೀಗೆ ಮಾಡಿ, ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ನನಗೆ ಪೈಥಾನ್ ಒಂದೇ ಬರುತ್ತದೆ. ನನ್ನ ಫ್ರೆಂಡ್‌ಗೆ ಒಂಬತ್ತು ಭಾಷೆ ಬರುತ್ತವಂತೆ. ನಾನು ಹಿಂದೆ ಉಳಿದೆನಾ?

ಉತ್ತರ: ಇಲ್ಲ ಪುಟ್ಟ. ಒಂಬತ್ತು ಭಾಷೆಯಲ್ಲಿ ‘ನಮಸ್ಕಾರ’ ಅಂತ ಪ್ರಿಂಟ್ ಮಾಡೋಕೆ ಒಂದು ಮಧ್ಯಾಹ್ನ ಸಾಕು. ನೀನು ಪೈಥಾನ್‌ನಲ್ಲಿ ಹಾವಿನ ಆಟ ಬರೆದು ಮುಗಿಸಿದ್ದೀನಿ ಅಂದಿದ್ದೀಯ, ಅಂಕಗಳನ್ನು ಫೈಲ್‌ನಲ್ಲಿ ಉಳಿಸುವುದು ಕೂಡ ಮಾಡಿದ್ದೀಯ. ಅದು ದೊಡ್ಡದು. ಎರಡನೇ ಭಾಷೆ ಬೇಕು ಅನ್ನಿಸಿದಾಗ ಅದೇ ಆಟವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆ. ಹಾವು ಹೇಗೆ ಓಡಬೇಕು ಅಂತ ನಿನಗೆ ಆಗಲೇ ಗೊತ್ತಿರುವುದರಿಂದ, ಭಾಷೆಯ ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಆ ಫ್ರೆಂಡ್‌ನ ಜೊತೆ ಕೂತು ಬರೆದರೆ ಇನ್ನೂ ಚೆನ್ನ.

ಪ್ರಶ್ನೆ: ಮೂವತ್ತೈದು ವರ್ಷದ ಹಿಂದೆ ಬೇಸಿಕ್ ಕಲಿತಿದ್ದೆ. ಈಗ ನಿವೃತ್ತಿ. ಪೈಥಾನ್ ಶುರು ಮಾಡಿದ್ದೇನೆ. ಸಾಲಿನ ನಂಬರ್ ಇಲ್ಲ, ಗೋಟೂ ಇಲ್ಲ, ಕಾಲೂರಲು ಜಾಗವೇ ಸಿಗುತ್ತಿಲ್ಲ. ಹಳೆಯ ನೋಟ್‌ಬುಕ್ ಇನ್ನೂ ಇದೆ.

ಉತ್ತರ: ಆ ನೋಟ್‌ಬುಕ್ ಇದೆ ಅಂದಿದ್ದು ಕೇಳಿ ತುಂಬ ಸಂತೋಷವಾಯಿತು ಸರ್. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಬೇಸಿಕ್ ಮಾಡಿದ್ದೇ ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಅಂತ. ಈಗ ನಾವು ಪೈಥಾನ್ ಬಗ್ಗೆ ಹೇಳುವುದೂ ಅದನ್ನೇ. ನೀವು ಅಪರಿಚಿತ ಜಾಗಕ್ಕೇನೂ ಬಂದಿಲ್ಲ.

10, 20, 30 ಅಂತ ಹತ್ತತ್ತು ಬಿಟ್ಟು ನಂಬರ್ ಹಾಕುತ್ತಿದ್ದದ್ದು ಆಮೇಲೆ ನಡುವೆ 15 ಸೇರಿಸಲು ಅಲ್ವಾ? ಈಗ ಎಡಿಟರ್‌ನಲ್ಲಿ ಎಲ್ಲಿ ಬೇಕಾದರೂ ಸಾಲು ಸೇರಿಸಬಹುದು, ಅದಕ್ಕೇ ನಂಬರ್ ಬೇಡವಾಯಿತು. ‘ಆ ಸಾಲಿಗೆ ಹಾರು’ ಅನ್ನುವ ಗೋಟೂ ಕಥೆ ಬೇರೆ. ಅದು ಜಾಸ್ತಿಯಾದರೆ ಪ್ರೋಗ್ರಾಂ ಎಲ್ಲಿಂದ ಎಲ್ಲಿಗೆ ಹಾರುತ್ತಿದೆ ಅಂತ ಬರೆದವರಿಗೇ ತಿಳಿಯದಂತಾಗುತ್ತದೆ. 1968ರಲ್ಲೇ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇದರ ವಿರುದ್ಧ ಬರೆದರು.

ನಿಮ್ಮ ನೋಟ್‌ಬುಕ್‌ನಲ್ಲಿರುವ ನಂಬರ್ ಊಹಿಸುವ ಆಟ ತೆಗೆಯಿರಿ. ಅದರಲ್ಲಿ ‘ತಪ್ಪಾದರೆ 40ಕ್ಕೆ ಹೋಗು’ ಅಂತ ಇರುತ್ತದೆ. 40ರಿಂದ ಆ ಸಾಲಿನವರೆಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯ ಒಳಗೆ ಬಂದ ಸಾಲುಗಳೇ ಪೈಥಾನ್‌ನ ವೈಲ್ ಲೂಪ್, ಅಂದರೆ ಷರತ್ತು ನಿಜವಾಗಿರುವವರೆಗೆ ಮತ್ತೆ ಮತ್ತೆ ಓಡುವ ಭಾಗ. ಅಷ್ಟನ್ನೂ ಬಲಕ್ಕೆ ಸರಿಸಿ ಬರೆದು, ಮೇಲೆ ‘ಊಹೆ ತಪ್ಪಾಗಿರುವವರೆಗೆ’ ಅನ್ನುವ ಷರತ್ತು ಹಾಕಿ. ಮೊದಲ ಸಲ ಲೂಪಿನ ಒಳಗೆ ಹೋಗಬೇಕಲ್ಲ, ಅದಕ್ಕೆ ಊಹೆಗೆ ಶುರುವಿನಲ್ಲಿ 0 ಕೊಡಿ. ಓಡಿದ ಮೇಲೆ ನೋಟ್‌ಬುಕ್‌ನ ಆ ಪುಟದ ಒಂದು ಫೋಟೋ ಮತ್ತು ಹೊಸ ಕೋಡ್ ಎರಡನ್ನೂ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಅಕ್ಕಪಕ್ಕ ಹಾಕುತ್ತೇನೆ.