ಆರು ವರ್ಷ ದಾಟಿದರೆ ಪಿಎಚ್‌ಡಿ ರದ್ದಾಗುತ್ತಾ?

ಮೇಡಂ, ನೀವು 2023ರಲ್ಲಿ ಧಾರವಾಡದಲ್ಲಿ ಪಿಎಚ್‌ಡಿಗೆ ಸೇರಿದ್ದೀರಿ, ಈಗ ಹೆರಿಗೆಗೆ ಗದಗಿಗೆ ಹೋಗಬೇಕು, ಆರು ವರ್ಷದೊಳಗೆ ಮುಗಿಯದಿದ್ದರೆ ನೋಂದಣಿ ಹೋಗುತ್ತಾ ಅಂತ ಕೇಳಿದ್ದೀರಿ. ಸುಮ್ನೆ ಹೆದರಬೇಡಿ. ನಿಮಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮ ಅನ್ವಯಿಸುತ್ತದೆ. ಅದರಲ್ಲಿ ಆರು ವರ್ಷ ಆದ ಮೇಲೆ ಮರುನೋಂದಣಿ ಮಾಡಿಸಿ ಇನ್ನೆರಡು ವರ್ಷ ಪಡೆಯಬಹುದು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ ಸಡಿಲಿಕೆ ಕೊಡಬಹುದು, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಹೆರಿಗೆ ಮತ್ತು ಮಗುವಿನ ಆರೈಕೆ ರಜೆ ಇಡೀ ಅವಧಿಗೆ 240 ದಿನದವರೆಗೆ.

ಆದರೆ ಇದ್ಯಾವುದೂ ತಾನಾಗಿ ಸಿಗುವುದಿಲ್ಲ, ‘ಕೊಡಬಹುದು’ ಅಂತಿದೆ ಅಷ್ಟೇ, ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಪಿಎಚ್‌ಡಿ ನಿಯಮಾವಳಿಯನ್ನೂ ಓದಿಕೊಳ್ಳಿ. ಗೈಡ್ ‘ಹೋಗಿ ಬಾರವ್ವ’ ಅಂದರೆ ಸಾಲದು. ರಜೆ ಅರ್ಜಿಗೆ ಗೈಡ್ ಮತ್ತು ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ (ಸ್ವೀಕೃತಿ ಸಂಖ್ಯೆ) ಹಾಕಿಸಿಕೊಳ್ಳಿ. ಆಮೇಲೆ ಕ್ಲರ್ಕ್ ಬದಲಾದರೆ ನಿಮ್ಮ ಕಡೆ ಇರೋದು ಅದೊಂದೇ.

ಅಂದಹಾಗೆ, ಎರಡು ಸಂಶೋಧನಾ ಪೇಪರ್ ಪ್ರಕಟಿಸಲೇಬೇಕು ಅಂತ ಸೀನಿಯರ್ ಹೇಳಿದರು ಅಂದಿರಲ್ಲ, ಪೇಪರ್ ಪ್ರಕಟಣೆಯ ಕಡ್ಡಾಯವನ್ನೇ ಯುಜಿಸಿ 2022ರಲ್ಲಿ ತೆಗೆದಿದೆ. ವಿಶ್ವವಿದ್ಯಾಲಯ ತಾನೇ ಇಟ್ಟುಕೊಂಡಿದೆಯಾ ಅನ್ನೋದನ್ನ ಮಾತ್ರ ಅರ್ಜಿ ಕೊಡಲು ಹೋದಾಗಲೇ ಕೇಳಿಬಿಡಿ.